ಮಸಿ ರೀವ ನೆಲಕ್ಕಿಳಿದಾಗ

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಮಗ್ಗುಲಲ್ಲೇ ಹಾದು ಗುಜರಾತಿನ ಕಡೆ ಹೋಯಿತು. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದಲ್ಲಿ ಅವತ್ತು ಬೆಳಿಗ್ಗೆಯಿಂದಲೇ ಕರೆಂಟ್ ಇರಲಿಲ್ಲ. ಒಂದು ಬ್ಯಾಂಕಿನ ಆ್ಯಪ್‌ಗೆ ನಿಯಮ ಮತ್ತು ಷರತ್ತುಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಕೈಯಲ್ಲಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದ ಮೇಲೆ ಕಿಟಕಿಯ ಸಂದಿಗೆ ಹಳೆಯ ಟವೆಲ್ ತುರುಕುತ್ತಾ ಕೂತೆ. ಗಾಳಿಯ ಸದ್ದು ರಾತ್ರಿಯಾಗುವ ತನಕ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ವಾಚ್‌ಮನ್ ಬಾಗಿಲು ತಟ್ಟಿದ. ತಾರಸಿಯಲ್ಲಿ ನೀರಿನ ಟಾಂಕಿಯ ಮುಚ್ಚಳ ಹಾರಿದೆ, ಅದರ ಹಿಂದೆ ಒಂದು ಹಕ್ಕಿ ಕೂತಿದೆ, ಏಳುತ್ತಿಲ್ಲ ಎಂದ. 'ಕೌವಾ ಹೈ ಮ್ಯಾಡಮ್, ಲೇಕಿನ್ ಕೌವಾ ನಹೀ ಹೈ.' ಅವನ ವರ್ಣನೆ ನಾನು ಆಮೇಲೆ ಓದಿದ ಎಷ್ಟೋ ವರ್ಣನೆಗಳಿಗಿಂತ ಸರಿಯಾಗಿತ್ತು. ಹಿಂದಿನಿಂದ ನೋಡಿದರೆ ಕಾಗೆಯೇ. ನೆತ್ತಿ, ಬೆನ್ನು, ರೆಕ್ಕೆ ಎಲ್ಲ ಕಪ್ಪು. ಮುಂದಿನಿಂದ ನೋಡಿದರೆ ಹಾಲಿನಂಥ ಬಿಳಿ. ಹಣೆಯ ಮೇಲೆ ಒಂದು ಬಿಳಿ ಪಟ್ಟಿ, ಕೊಕ್ಕಿನ ಬುಡದಿಂದ ಕಣ್ಣಿನ ಅಡಿಯವರೆಗೆ ಎಳೆದ ಕಪ್ಪು ಗೆರೆ. ಕೊಕ್ಕು ಕಾಗೆಯದರ ಹಾಗೆ ದಪ್ಪ ಅಲ್ಲ, ದಬ್ಬಳದ ಹಾಗೆ ಸಪೂರ, ನೇರ. ಬಾಲ ಕತ್ತರಿಯಂತೆ ಸೀಳಿದೆ. ಕಾಲು ಗಿಡ್ಡ, ಬೆರಳುಗಳ ನಡುವೆ ಜಾಲಪೊರೆ. ರೆಕ್ಕೆ ಮಾತ್ರ ಮೈಗೆ ಹೊಂದದಷ್ಟು ಉದ್ದ. ಮಡಚಿಟ್ಟರೂ ತುದಿಗಳು ಬಾಲದ ಹತ್ತಿರ ಒಂದರ ಮೇಲೊಂದು ಬಂದು ನಿಂತಿದ್ದವು. ಬಿಚ್ಚಿದರೆ ಸುಮಾರು 90 ಸೆಂಟಿಮೀಟರ್ ಆಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಅಷ್ಟು ರೆಕ್ಕೆಗೆ ಮೈತೂಕ ಕೇವಲ 150ರಿಂದ 240 ಗ್ರಾಮ್.

ಸೂಟಿ ಟರ್ನ್. ಫೋಟೋ ಕಳಿಸಿದ ಹತ್ತು ನಿಮಿಷದಲ್ಲಿ ಕಲ್ಯಾಣದ ಪ್ರಾಣಿರಕ್ಷಣೆಯ ಹುಡುಗನೊಬ್ಬ ಹೆಸರು ಹೇಳಿದ. ಜೊತೆಗೆ ತಾಕೀತುಗಳು: ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಅದರಲ್ಲಿಡಿ, ಕತ್ತಲಿರಲಿ, ಬಾಯಿಗೆ ನೀರು ಹಾಕಬೇಡಿ, ಏನೂ ತಿನ್ನಿಸಬೇಡಿ. ಪಕ್ಕದ ಮನೆಯ ಕಾಕೂ ಅಷ್ಟರೊಳಗೆ ಒಂದು ತಟ್ಟೆಯಲ್ಲಿ ಒಣ ಬೊಂಬಿಲ್ ಹಿಡಿದು ಬಂದಿದ್ದರು. ಸಮುದ್ರದ ಹಕ್ಕಿ ಅಂದ ಮೇಲೆ ಮೀನು ತಿನ್ನಲೇಬೇಕಲ್ಲ ಎಂಬುದು ಅವರ ವಾದ. ಅವರನ್ನು ಒಪ್ಪಿಸುವುದೇ ಒಂದು ಕೆಲಸವಾಯಿತು. ಲಾಕ್‌ಡೌನ್, ಬಿದ್ದ ಮರಗಳು, ರಸ್ತೆಯಲ್ಲಿ ನೀರು. ಹುಡುಗ ಬರುವುದು ಮರುದಿನವೇ ಎಂದಾಯಿತು. ಪೆಟ್ಟಿಗೆಯನ್ನು ನಮ್ಮ ಬಚ್ಚಲುಮನೆಯಲ್ಲಿಟ್ಟೆ. ನಡುರಾತ್ರಿ ಒಮ್ಮೆ ಅದು ಕೂಗಿತು. ಮೂರೇ ಉಚ್ಚಾರ, ಕೊನೆಯದು ಒಡೆದ ಗಂಟಲಲ್ಲಿ.

ಡೊಂಬಿವಲಿಗೆ ಸಮುದ್ರವಿಲ್ಲ. ಉಲ್ಹಾಸ ನದಿಯ ಖಾಡಿ ಇದೆ, ಅದರಲ್ಲಿ ಉಬ್ಬರವಿಳಿತ ಇದೆ. ತೆರೆದ ಕಡಲು ಮೂವತ್ತು ಕಿಲೋಮೀಟರಿನಾಚೆ. ಈ ಕಡೆಯವರಿಗೆ ನೀರಿನ ಹಕ್ಕಿ ಅಂದರೆ ಫ್ಲೆಮಿಂಗೊ. ಠಾಣೆ ಖಾಡಿಗೆ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಎಂಬ ಹೆಸರಾಯಿತು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು, ಐರೋಲಿಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನವಿ ಮುಂಬಯಿಯ ಗೋಡೆಗಳ ಮೇಲೆಲ್ಲ ಗುಲಾಬಿ ಹಕ್ಕಿಗಳ ಚಿತ್ರವಿದೆ. ಆದರೆ ಫ್ಲೆಮಿಂಗೊ ಕೆಸರಿನ ಹಕ್ಕಿ, ನೆಲದ ಅಂಚಿನದು. ನಮ್ಮ ಬಚ್ಚಲಲ್ಲಿದ್ದದ್ದು ನೆಲವೇ ಬೇಡವಾದ ಹಕ್ಕಿ.

ಬೇಡ ಅಂದರೆ ನಿಜವಾಗಿಯೂ ಬೇಡ. ಸೂಟಿ ಟರ್ನ್ ಉಷ್ಣವಲಯದ ಎಲ್ಲ ಸಾಗರಗಳಲ್ಲೂ ಇದೆ, ಕೋಟಿಗಟ್ಟಲೆ ಇದೆ. ಮೊಟ್ಟೆಯಿಡಲು ಮಾತ್ರ ನಿರ್ಜನ ದ್ವೀಪವೊಂದಕ್ಕೆ ಇಳಿಯುತ್ತದೆ. ಬಾತುಕೋಳಿಯ ಹಾಗೆ ನೀರಿನ ಮೇಲೆ ತೇಲುವ ಸೌಕರ್ಯ ಅದಕ್ಕಿಲ್ಲ. ಗರಿಗಳಲ್ಲಿ ಜಿಡ್ಡು ಸಾಲದು, ಹೆಚ್ಚು ಹೊತ್ತು ಕೂತರೆ ನೆನೆದು ಮುಳುಗುತ್ತದೆ. ಮುಳುಗಿ ಮೀನು ಹಿಡಿಯುವುದೂ ಇಲ್ಲ. ಕೆಳಗಿನಿಂದ ಟ್ಯೂನಾ ಮೀನುಗಳು ಅಟ್ಟಿಸಿಕೊಂಡು ಬಂದಾಗ ಸಣ್ಣ ಮೀನು, ಕಣವೆಗಳು ನೀರಿನಿಂದ ಚಿಮ್ಮುತ್ತವೆ. ಇದು ಹಾರುತ್ತಲೇ ಬಾಗಿ ಅವನ್ನು ಎತ್ತಿಕೊಳ್ಳುತ್ತದೆ. ಟ್ಯೂನಾ ಹಿಡಿಯುವ ಬೆಸ್ತರು ದೂರದಲ್ಲಿ ಈ ಹಕ್ಕಿಗಳ ಗುಂಪು ಕಂಡರೆ ದೋಣಿಯನ್ನು ಅತ್ತಲೇ ತಿರುಗಿಸುವುದು ಇದೇ ಕಾರಣಕ್ಕೆ. ಗೂಡು ಬಿಟ್ಟು ಹಾರಿದ ಮರಿ ಮತ್ತೆ ನೆಲ ಕಾಣುವುದು ಹಲವು ವರ್ಷಗಳ ನಂತರ, ತಾನೇ ಮೊಟ್ಟೆಯಿಡುವ ಪ್ರಾಯಕ್ಕೆ ಬಂದಾಗ. ಅಲ್ಲಿಯವರೆಗೆ ಅದು ಬಹುಪಾಲು ಗಾಳಿಯಲ್ಲೇ ಇರುತ್ತದೆ ಎಂಬುದು ಪಕ್ಷಿಶಾಸ್ತ್ರಜ್ಞರ ನಿಲುವು. ಅಂಥದ್ದೊಂದು ಜೀವ ನನ್ನ ಬಕೆಟ್ ಮತ್ತು ವಾಷಿಂಗ್ ಮಷೀನಿನ ನಡುವೆ ಕೂತಿತ್ತು.

ಹಾಗಾದರೆ ಮನುಷ್ಯರಿಗೆ ಇದರ ಬಗ್ಗೆ ಗೊತ್ತಿರುವುದೆಲ್ಲ ಅದು ನೆಲಕ್ಕಿಳಿದಾಗ ಕಂಡದ್ದೇ ಆಗಿರಬೇಕು. ಆ ವಾರ ಬ್ಯಾಂಕಿನ ಷರತ್ತುಗಳನ್ನು ಬದಿಗಿಟ್ಟು ನಾನು ಓದಿದ್ದು ಅದನ್ನೇ.

ಭಾಷಾವಿಜ್ಞಾನ ಓದಿದವರಿಗೆ ಹೆಸರಿನ ಚಟ ಇರುತ್ತದೆ, ಆದ್ದರಿಂದ ಮೊದಲು ಹೆಸರು. ಲಿನ್ನೇಯಸ್ 1766ರಲ್ಲಿ ಇದಕ್ಕೆ ಸ್ಟೆರ್ನಾ ಫುಸ್ಕಾಟಾ ಎಂದು ನಾಮಕರಣ ಮಾಡಿದ. ಫುಸ್ಕಾಟಾ ಅಂದರೆ ಕಪ್ಪಾದದ್ದು. ಸ್ವೀಡನ್ನಿನಲ್ಲಿ ಕೂತ ಅವನಿಗೆ ಆಧಾರವಾದದ್ದು ಕೆರಿಬಿಯನ್ನಿನ ಸಾಂತೊ ದೊಮಿಂಗೊದಿಂದ ಬಂದ ಹಕ್ಕಿಯ ಬಗ್ಗೆ ಬ್ರಿಸ್ಸೋನ್ ಎಂಬ ಫ್ರೆಂಚ್ ವಿದ್ವಾಂಸ ಬರೆದಿಟ್ಟ ವಿವರಣೆ. ಈಗ ಕುಲದ ಹೆಸರು ಬದಲಾಗಿ ಓನಿಕೊಪ್ರಿಯಾನ್ ಎಂದಾಗಿದೆ. ಗ್ರೀಕಿನಲ್ಲಿ ಉಗುರು ಮತ್ತು ಗರಗಸ ಎಂಬ ಎರಡು ಪದ ಸೇರಿದ್ದು. ಪುಸ್ತಕದ ಹೆಸರುಗಳು ಹೀಗೆ ಬಣ್ಣ, ಉಗುರು ನೋಡಿ ಇಟ್ಟವು. ಹತ್ತಿರದಲ್ಲಿ ಬದುಕಿದವರು ಇಟ್ಟ ಹೆಸರುಗಳು ಕಿವಿಯಿಂದ ಬಂದವು. ಹವಾಯಿಯವರು ಇದನ್ನು ಎವಎವ ಅನ್ನುತ್ತಾರೆ, ಕಿವಿಗಡಚಿಕ್ಕುವ ಗದ್ದಲ ಎಂಬ ಅರ್ಥದಲ್ಲಿ. ಅಟ್ಲಾಂಟಿಕ್‌ನ ಬ್ರಿಟಿಷ್ ನಾವಿಕರಿಗೆ ಅದರ ಮೂರುಚ್ಚಾರದ ಕೂಗು 'ವೈಡ್-ಅವೇಕ್' ಎಂದು ಕೇಳಿಸಿತು, ಪೂರಾ ಎಚ್ಚರ ಎಂದು. ಕಾಗೆ 'ಕಾ' ಅಂದದ್ದಕ್ಕೆ ನಾವು ಕಾಗೆ ಅಂದಹಾಗೆ. ಇನ್ನೊಂದು ಹಳೆಯ ನಾವಿಕರ ಹೆಸರು ಇನ್ನೂ ನೇರ: ಮೊಟ್ಟೆ ಹಕ್ಕಿ. ಕ್ಯಾಪ್ಟನ್ ಕುಕ್‌ನ ಕಾಲದ ಬರಹಗಳಲ್ಲಿ ಬರುವುದು ಆ ಹೆಸರೇ. ತಿಂಗಳುಗಟ್ಟಲೆ ಹುಳು ಹಿಡಿದ ಬಿಸ್ಕತ್ತು ತಿಂದವರಿಗೆ ಹಕ್ಕಿ ಅಂದರೆ ಅದರ ಮೊಟ್ಟೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಮೊಟ್ಟೆ ಒಂದೇ. ಗೂಡು ಅನ್ನುವಂಥದ್ದಿಲ್ಲ, ಮರಳಿನಲ್ಲಿ ಒಂದು ತಗ್ಗು. ಸುಮಾರು ನಾಲ್ಕು ವಾರ ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಆ ಬಿಸಿಲಲ್ಲಿ ಕಾವು ಕೊಡುವುದಕ್ಕಿಂತ ನೆರಳು ಕೊಡುವುದೇ ದೊಡ್ಡ ಕೆಲಸ. ಮರಿ ಹಾರಲು ಮತ್ತೆ ಎರಡು ತಿಂಗಳು. ಲಕ್ಷಗಟ್ಟಲೆ ಜೋಡಿಗಳು ಒಂದರ ಪಕ್ಕ ಒಂದು ಕೊಕ್ಕು ಚಾಚಿದರೆ ತಾಗುವಷ್ಟು ಒತ್ತಾಗಿ ಕೂತಿರುತ್ತವೆ.

ಈ ಒಂದು ಮೊಟ್ಟೆಯ ಸುತ್ತ ಒಂದು ರಾಜ್ಯಾಡಳಿತವೇ ನಡೆದದ್ದು ಪೆಸಿಫಿಕ್‌ನ ರಾಪಾ ನುಯಿಯಲ್ಲಿ, ಅಂದರೆ ದೊಡ್ಡ ಕಲ್ಲಿನ ಮುಖಗಳ ಆ ಈಸ್ಟರ್ ದ್ವೀಪದಲ್ಲಿ. ಅಲ್ಲಿ ಇದರ ಹೆಸರು ಮನುತಾರಾ. ಪ್ರತಿ ವಸಂತದಲ್ಲಿ ಒರೊಂಗೊ ಎಂಬ ಕಡಿದಾದ ಬಂಡೆಯಂಚಿನ ಊರಿನಲ್ಲಿ ಬುಡಕಟ್ಟುಗಳ ಹಿರಿಯರು ಸೇರುತ್ತಿದ್ದರು. ಪ್ರತಿಯೊಬ್ಬನ ಪರವಾಗಿ ಒಬ್ಬ ಆಳು ಬಂಡೆಯಿಳಿದು, ಶಾರ್ಕ್‌ಗಳಿರುವ ನೀರನ್ನು ಈಜಿ, ಮೊಟು ನುಯಿ ಎಂಬ ನಡುಗಡ್ಡೆ ಸೇರಿ, ಹಕ್ಕಿಗಳು ಬರುವುದನ್ನು ದಿನಗಟ್ಟಲೆ ಕಾಯುತ್ತಿದ್ದ. ಮೊದಲ ಮೊಟ್ಟೆ ಸಿಕ್ಕವನು ಅದನ್ನು ಹಣೆಗೆ ಕಟ್ಟಿಕೊಂಡು ಒಡೆಯದಂತೆ ಈಜಿ ಮರಳಬೇಕು. ಅವನ ಒಡೆಯ ಆ ವರ್ಷದ 'ಹಕ್ಕಿ ಮನುಷ್ಯ', ತಲೆ ಬೋಳಿಸಿಕೊಂಡು ಏಕಾಂತದಲ್ಲಿರುವ ಪೂಜ್ಯ. ಅವನ ಕುಲಕ್ಕೆ ಆ ವರ್ಷ ಮೇಲುಗೈ. ಈಜಿದವನಿಗೆ ಏನು ಸಿಗುತ್ತಿತ್ತು ಎಂಬ ಪ್ರಶ್ನೆ ನನ್ನದು. ಗುತ್ತಿಗೆ ಕೆಲಸ ಮಾಡುವವರಿಗೆ ಅದು ಮೊದಲು ಹೊಳೆಯುತ್ತದೆ. 1862-63ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳು ದ್ವೀಪದ ಜನರನ್ನು ಹಿಡಿದೊಯ್ದರು, ಹಿಂದೆಯೇ ಸಿಡುಬು ಬಂತು, ಮಿಷನರಿಗಳು ಬಂದರು. 1860ರ ದಶಕದ ನಂತರ ಆ ಸ್ಪರ್ಧೆ ನಡೆಯಲಿಲ್ಲ. ಅದರ ವಿವರಗಳನ್ನು ಕ್ಯಾಥರಿನ್ ರೌಟ್‌ಲೆಜ್ 1914-15ರಲ್ಲಿ ಅಲ್ಲಿನ ಮುದುಕರಿಂದ ಕೇಳಿ ಬರೆದುಕೊಂಡರು. ಒರೊಂಗೊದಲ್ಲಿದ್ದ ಒಂದು ಮೂರ್ತಿಯ ಬೆನ್ನಿನ ಮೇಲೆ ಹಕ್ಕಿ ಮನುಷ್ಯರ ಕೆತ್ತನೆಯಿದೆ. 1868ರಲ್ಲಿ ಬ್ರಿಟಿಷ್ ನೌಕೆಯೊಂದು ಅದನ್ನು ಹೊತ್ತೊಯ್ದಿತು, ಈಗ ಅದಿರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ.

ಎರಡನೆಯ ಇಳಿತಾಣ ಅಸೆನ್ಶನ್ ದ್ವೀಪ, ಆಫ್ರಿಕಾ ಮತ್ತು ಬ್ರೆಜಿಲ್ ನಡುವೆ, ಅಟ್ಲಾಂಟಿಕ್‌ನ ದಕ್ಷಿಣಾರ್ಧದಲ್ಲಿ. 1503ರಲ್ಲಿ ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದ ದಿನ ಇದನ್ನು ಕಂಡು ಈ ಹೆಸರಿಟ್ಟವನು ಭಾರತದ ಕಡೆ ಬರುತ್ತಿದ್ದ ಅಫೊನ್ಸೊ ಡಿ ಅಲ್ಬುಕರ್ಕ್. ಏಳು ವರ್ಷದ ನಂತರ ಗೋವಾ ಹಿಡಿದವನು ಅವನೇ. ದ್ವೀಪ ಮತ್ತೆ ಮುನ್ನೂರು ವರ್ಷ ಹಕ್ಕಿಗಳದ್ದಾಗಿಯೇ ಉಳಿಯಿತು. 1815ರಲ್ಲಿ ನೆಪೋಲಿಯನ್ನನನ್ನು ಸೇಂಟ್ ಹೆಲೆನಾದಲ್ಲಿ ಕೂಡಿಹಾಕಿದಾಗ, ಅವನನ್ನು ಯಾರೂ ಬಿಡಿಸಿಕೊಂಡು ಹೋಗದಿರಲಿ ಎಂದು ಬ್ರಿಟಿಷರು ಇಲ್ಲೂ ಪಹರೆ ಇಟ್ಟರು. ಇಲಿಗಾಗಿ ಬೆಕ್ಕು ತಂದರು. ಬೆಕ್ಕುಗಳು ಇಲಿಗಿಂತ ಸುಲಭದ ಊಟ ಕಂಡುಕೊಂಡವು. ಉಳಿದ ಕಡಲಹಕ್ಕಿಗಳೆಲ್ಲ ಬೆಕ್ಕು ಹತ್ತಲಾರದ ಬಂಡೆಗಳಿಗೆ ಸರಿದವು; ಲಕ್ಷಗಟ್ಟಲೆಯಲ್ಲಿ ಬರುವ ಸೂಟಿ ಟರ್ನ್ ಮಾತ್ರ ಬಯಲಿನಲ್ಲೇ ಉಳಿಯಿತು. ಅವು ಕೂಡುವ ಬಯಲಿಗೆ ಸೈನಿಕರು 'ವೈಡ್-ಅವೇಕ್ ಫೇರ್' ಎಂದರು. ನಾನು ಅನುವಾದಿಸುವುದಾದರೆ ಎಚ್ಚರದ ಜಾತ್ರೆ. ಈ ಜಾತ್ರೆಗೆ ಪಂಚಾಂಗವೂ ಬೇರೆ. ಬೇರೆ ಕಡೆ ವರ್ಷಕ್ಕೊಮ್ಮೆ ಮೊಟ್ಟೆಯಿಡುವ ಹಕ್ಕಿ ಇಲ್ಲಿ ಸುಮಾರು 9.6 ತಿಂಗಳಿಗೊಮ್ಮೆ ಇಡುತ್ತದೆ, ಹತ್ತು ಹುಣ್ಣಿಮೆಗಳ ಲೆಕ್ಕ ಅನ್ನಬಹುದು. ಹಾಗಾಗಿ ಜಾತ್ರೆ ಪ್ರತಿ ಸಲ ಬೇರೆ ತಿಂಗಳಿಗೆ ಬೀಳುತ್ತದೆ.

1942ರಲ್ಲಿ ಅಮೆರಿಕದ ಸೇನೆ ಈ ಬಯಲಿನಲ್ಲಿ ರನ್‌ವೇ ಹಾಕಿತು. ಬ್ರೆಜಿಲ್‌ನಿಂದ ಆಫ್ರಿಕಾಕ್ಕೆ ಒಂದೇ ಹಾರಾಟದಲ್ಲಿ ದಾಟಲಾಗದ ಯುದ್ಧವಿಮಾನಗಳು ಇಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಮುಂದೆ ಹೋಗುತ್ತಿದ್ದವು, ಕೆಲವು ನಮ್ಮ ಅಸ್ಸಾಮಿನವರೆಗೂ. ರನ್‌ವೇಯ ತುದಿಯಲ್ಲಿ ಜಾತ್ರೆ ನೆರೆದಿತ್ತು. ಪ್ರತಿ ವಿಮಾನ ಹೊರಡುವಾಗಲೂ ಸದ್ದಿಗೆ ಸಾವಿರಾರು ಹಕ್ಕಿ ಒಮ್ಮೆಲೇ ಏಳುತ್ತಿದ್ದವು, ಗಾಜಿಗೆ ರೆಕ್ಕೆಗೆ ಬಡಿಯುತ್ತಿದ್ದವು. ಹೊಗೆ ಹಾಕಿ ನೋಡಿದರು, ಸಿಡಿಮದ್ದು ಸಿಡಿಸಿ ನೋಡಿದರು. ಕೊನೆಗೆ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಮ್ಮಿನ ಪಕ್ಷಿತಜ್ಞ ಜೇಮ್ಸ್ ಚಾಪಿನ್ ಬಂದ. ಕಾಂಗೋದ ಹಕ್ಕಿಗಳ ಬಗ್ಗೆ ಬಾಳೆಲ್ಲ ಬರೆದ ಮನುಷ್ಯ. ಅವನ ಸಲಹೆ ಸರಳ: ಹಕ್ಕಿಯನ್ನು ಓಡಿಸಬೇಡಿ, ಮೊಟ್ಟೆ ಒಡೆಯಿರಿ; ಮೊಟ್ಟೆಯಿಲ್ಲದ ಕಡೆ ಅದಕ್ಕೆ ನೆಲದ ಕೆಲಸವಿಲ್ಲ. ಸೈನಿಕರು ಹತ್ತಾರು ಸಾವಿರ ಮೊಟ್ಟೆ ತುಳಿದರು. ಹಕ್ಕಿಗಳು ಬಯಲಿನ ಬೇರೆ ಮೂಲೆಗಳಿಗೆ ಹೋದವು. ಹಕ್ಕಿಯನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದವನನ್ನು ಕರೆಸಿದ್ದು ಇದಕ್ಕೆ. ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಯುದ್ಧದಲ್ಲಿ ಬೇರೇನು ಹೇಳಬಹುದಿತ್ತೋ. ಆದರೆ ಅದೇ ಚಾಪಿನ್ 1954ರಲ್ಲಿ ಈ ಜಾತ್ರೆಯ ಪಂಚಾಂಗದ ಬಗ್ಗೆ ಅಕ್ಕರೆಯ ಲೇಖನ ಬರೆದ ಎಂದು ಓದಿದಾಗ ಒಂದು ಕ್ಷಣ ಪುಟ ಮಗುಚಲಾಗಲಿಲ್ಲ. ವಿಮಾನ ನಿಲ್ದಾಣದ ಹೆಸರು ಇವತ್ತಿಗೂ ವೈಡ್-ಅವೇಕ್. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಬಾಂಬರ್‌ಗಳು ಹೊರಟದ್ದು ಅಲ್ಲಿಂದಲೇ. ಬೆಕ್ಕುಗಳನ್ನು ಪೂರ್ತಿ ನಿರ್ಮೂಲ ಮಾಡಿದೆವೆಂದು ದ್ವೀಪ ಘೋಷಿಸಿದ್ದು 2006ರಲ್ಲಿ. ಅದರ ನಂತರ ಬಂಡೆಗಳಿಗೆ ಸರಿದಿದ್ದ ಬೇರೆ ಜಾತಿಯ ಹಕ್ಕಿಗಳು ಮೆಲ್ಲಗೆ ಮರಳಿವೆ.

ಪ್ರಯೋಗಶಾಲೆಯ ಕಥೆಯನ್ನೂ ಹೇಳಬೇಕು. ಫ್ಲೋರಿಡಾದ ದಕ್ಷಿಣದ ಡ್ರೈ ಟಾರ್ಟುಗಾಸ್ ದ್ವೀಪಗಳಲ್ಲಿ ಕ್ಯೂಬಾದವರು ಹವಾನಾದ ಮಾರುಕಟ್ಟೆಗೆ ಮೊಟ್ಟೆ ಒಯ್ಯುತ್ತಿದ್ದರು. ಅಲ್ಲಿಗೆ 1907ರಲ್ಲಿ ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಬಂದ. ಗೂಡಿನ ಜಾಗ ಸರಿಸಿದ, ಮೊಟ್ಟೆ ಅದಲುಬದಲು ಮಾಡಿದ. ಕೆಲವು ಹಕ್ಕಿಗಳಿಗೆ ಬಣ್ಣದ ಗುರುತು ಹಾಕಿ ಹಡಗಿನಲ್ಲಿ ಸಾವಿರ ಕಿಲೋಮೀಟರಿಗೂ ದೂರ, ಅವು ಎಂದೂ ಹೋಗದ ಉತ್ತರದ ಹ್ಯಾಟರಸ್ ಭೂಶಿರಕ್ಕೆ ಕಳಿಸಿ ಬಿಡಿಸಿದ. ಕೆಲವೇ ದಿನಗಳಲ್ಲಿ ಅವುಗಳಲ್ಲಿ ಕೆಲವು ತಮ್ಮ ಗೂಡಿನ ತಗ್ಗಿಗೇ ಮರಳಿ ಬಂದವು. ಹೇಗೆ ಎಂಬುದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಇದೇ ವಾಟ್ಸನ್ 1913ರಲ್ಲಿ ವರ್ತನಾವಾದದ ಘೋಷಣೆ ಮಾಡಿ, ಒಳಗೇನಿದೆ ಎಂಬ ಪ್ರಶ್ನೆಯನ್ನೇ ವಿಜ್ಞಾನದಿಂದ ಹೊರಹಾಕಲು ಹೊರಟವನು. ಭಾಷಾವಿಜ್ಞಾನದ ತರಗತಿಯಲ್ಲಿ ನಾವು ಚಾಮ್‌ಸ್ಕಿಯ ಜೊತೆ ಸೇರಿ ಬೈಯುತ್ತಿದ್ದದ್ದು ಅವನು ಹುಟ್ಟುಹಾಕಿದ ಪಂಥವನ್ನೇ. ಅದು ಹೀಗೆ ಮರಳಿನ ಮೇಲೆ ಹಕ್ಕಿ ನೋಡುತ್ತಾ ಕೂತಿದ್ದವನದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. 1908ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆ ದ್ವೀಪಗಳನ್ನು ಹಕ್ಕಿಗಳಿಗೆ ಮೀಸಲಿಟ್ಟ. ಅಲ್ಲಿನ ಮರಿಗಳ ಕಾಲಿಗೆ ಉಂಗುರ ತೊಡಿಸಿ ಬಿಟ್ಟದ್ದರಿಂದ ಅವು ಅಟ್ಲಾಂಟಿಕ್ ದಾಟಿ ಪಶ್ಚಿಮ ಆಫ್ರಿಕಾದ ಕಡಲಿಗೆ ಹೋಗುತ್ತವೆ ಎಂದು ಗೊತ್ತಾಯಿತು. ವಿಲಿಯಮ್ ರಾಬರ್ಟ್‌ಸನ್ ಅದನ್ನು 1969ರಲ್ಲಿ ಪ್ರಕಟಿಸಿದ. ಉಂಗುರವಿದ್ದ ಹಕ್ಕಿಗಳು ಮೂವತ್ತು ವರ್ಷ ದಾಟಿಯೂ ಬದುಕಿದ್ದುಂಟು.

ಇಷ್ಟೆಲ್ಲ ದೂರದ ಸಮುದ್ರಗಳಾದವು. ನಮ್ಮ ಅರಬ್ಬಿ ಸಮುದ್ರದಲ್ಲಿ ಇದು ಇಳಿಯುವುದೆಲ್ಲಿ ಎಂದು ಹುಡುಕುತ್ತಾ ಹೋದಾಗ ಲಕ್ಷದ್ವೀಪ ಸಿಕ್ಕಿತು. ಲಕ್ಷದ್ವೀಪ ಸಿಕ್ಕಿದ್ದೇ ಮಂಗಳೂರಿನ ನನ್ನ ಅಜ್ಜನ ನೆನಪಾಯಿತು.

ಅಜ್ಜ ಬಂದರಿನ ಅಕ್ಕಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ದ್ವೀಪದವರು ಎಂದು ಅವರು ಒಂದು ಬಗೆಯ ಜನರ ಬಗ್ಗೆ ಹೇಳುತ್ತಿದ್ದರು. ಮಳೆಗಾಲ ಕಳೆದ ಮೇಲೆ ಅವರ ಓಡಗಳು ಬರುತ್ತಿದ್ದವು. ತೆಂಗಿನ ನಾರಿನ ಹುರಿ, ಕೊಬ್ಬರಿ, ತೆಂಗಿನ ಬೆಲ್ಲ, ಒಣಗಿಸಿದ ಟ್ಯೂನಾ ಇಳಿಸಿ ಅಕ್ಕಿ ಹೊತ್ತುಕೊಂಡು ಹೋಗುತ್ತಿದ್ದರು. ಓಡ ಎಂಬುದು ದೋಣಿಗೆ ಕನ್ನಡದಲ್ಲೂ ತುಳುವಿನಲ್ಲೂ ಹಳೆಯ ಪದ, ಅವರ ಮಲಯಾಳದಲ್ಲಿ ಓಡಂ. ಇದು ಬರೀ ವ್ಯಾಪಾರದ ನಂಟಲ್ಲ. ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಮೀನಿ ದ್ವೀಪದವರು 1787ರಲ್ಲಿ ಟಿಪ್ಪುವಿನ ಮೊರೆ ಹೊಕ್ಕರು. 1799ರಲ್ಲಿ ಟಿಪ್ಪು ಬಿದ್ದಾಗ ಆ ದ್ವೀಪಗಳು ಕಂಪನಿಗೆ ಹೋದವು, ಆಡಳಿತ ಮಂಗಳೂರಿನಿಂದ. ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿಟ್ರಾ, ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. ನಾವು ಕರ್ನಾಟಕ ರಾಜ್ಯೋತ್ಸವ ಅನ್ನುವ ಅದೇ ದಿನ ಅವು ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡು ಹೋದ ನೋವನ್ನು ಇವತ್ತಿಗೂ ಹೇಳಿಕೊಳ್ಳುತ್ತೇವೆ. ಅದೇ ದಿನ ಐದು ದ್ವೀಪ ಹೋದದ್ದು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಅವರ ಮಾತು ಕನ್ನಡವಲ್ಲ, ಆದ್ದರಿಂದ ಇರಬಹುದು.

ಆ ಐದರಲ್ಲಿ ಬಿಟ್ರಾ ಅತಿ ಚಿಕ್ಕದು, ಹತ್ತು ಹೆಕ್ಟೇರು. ಜನ ನೆಲೆಸುವ ಮುಂಚೆ ಅದು ಕಡಲಹಕ್ಕಿಗಳು ಮೊಟ್ಟೆಯಿಡುವ ಜಾಗವಾಗಿತ್ತು. ಸುತ್ತಲಿನ ದ್ವೀಪದವರು ಮೊಟ್ಟೆಗೆ, ಹಕ್ಕಿಗೆ ಅಲ್ಲಿಗೆ ಹೋಗಿಬರುತ್ತಿದ್ದರು. 1945ರ ಸುಮಾರಿಗೆ ಚೆಟ್ಲತ್‌ನಿಂದ ಒಬ್ಬ ಹೆಂಗಸು ತನ್ನ ಮಗನೊಂದಿಗೆ ಹೋಗಿ ಅಲ್ಲಿ ಮನೆ ಹೂಡಿದಳು, ಅಲ್ಲಿಂದ ಅದು ಊರಾಯಿತು ಎಂಬುದು ಲಕ್ಷದ್ವೀಪ ಆಡಳಿತವೇ ಕೊಡುವ ವಿವರ. ಆ ಹೆಂಗಸಿನ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಏಕೆ ಹೋದಳು, ಮೊದಲ ರಾತ್ರಿ ಎಲ್ಲಿ ಮಲಗಿದಳು, ಹಕ್ಕಿಗಳ ಗದ್ದಲಕ್ಕೆ ನಿದ್ದೆ ಬಂತೇ. 2011ರ ಜನಗಣತಿಯಲ್ಲಿ ಬಿಟ್ರಾದ ಜನ 271. ಹಕ್ಕಿಗಳು ಜನವಿಲ್ಲದ ಕಡೆ ಸರಿದವು. 2025ರ ಜುಲೈಯಲ್ಲಿ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಪ್ರಸ್ತಾವದ ಬಗ್ಗೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಆಡಳಿತ ಆದೇಶ ಹೊರಡಿಸಿತು, ದ್ವೀಪದವರು ವಿರೋಧಿಸಿದರು. ಈ ಸುದ್ದಿ ಓದಿದಾಗ ನನಗೆ ಅಸೆನ್ಶನ್ ನೆನಪಾಗದೆ ಇರಲಿಲ್ಲ, ಆದರೆ ಈ ಸಲ ಮೊಟ್ಟೆಯ ಜಾಗದಲ್ಲಿರುವುದು ಮನುಷ್ಯರ ಮನೆಗಳು.

ಉಳಿದಿರುವುದು ಪಿಟ್ಟಿ. ಕವರತ್ತಿಯಿಂದ ಒಂದಿಷ್ಟು ದೂರದಲ್ಲಿರುವ, ಮರವಿಲ್ಲದ, ಒಂದು ಹೆಕ್ಟೇರಿನಷ್ಟೇ ಇರುವ ಮರಳು ದಿಬ್ಬ. ಸ್ಥಳೀಯರಿಗೆ ಪಕ್ಷಿಪಿಟ್ಟಿ. ಕಾಂಗ್ರೆಸ್ ಸ್ಥಾಪಿಸಿದ ಆ್ಯಲನ್ ಆಕ್ಟೇವಿಯನ್ ಹ್ಯೂಮ್ ಅದಕ್ಕೂ ಹತ್ತು ವರ್ಷ ಮೊದಲು, 1875ರಲ್ಲಿ, ಈ ದ್ವೀಪಗಳಿಗೂ ಪಶ್ಚಿಮ ಕರಾವಳಿಗೂ ಹಕ್ಕಿ ನೋಡಲು ಬಂದಿದ್ದ. ತನ್ನದೇ ಪತ್ರಿಕೆ 'ಸ್ಟ್ರೇ ಫೆದರ್ಸ್'ನಲ್ಲಿ ಮರುವರ್ಷ ಅದರ ವಿವರ ಬರೆದ. 1890ರ ದಶಕದಲ್ಲಿ ಸಮುದ್ರ ಸರ್ವೆಯ 'ಇನ್ವೆಸ್ಟಿಗೇಟರ್' ಹಡಗಿನ ವೈದ್ಯ ಆಲ್ಫ್ರೆಡ್ ಆಲ್‌ಕಾಕ್ ಪಿಟ್ಟಿಯಲ್ಲಿ ಟರ್ನ್‌ಗಳು ಗೂಡು ಮಾಡಿದ್ದನ್ನು ದಾಖಲಿಸಿದ. ಈಗ ಅದು ರಕ್ಷಿತ ಜಾಗ, 2020ರಲ್ಲಿ ಸುತ್ತಲಿನ 62 ಚದರ ಕಿಲೋಮೀಟರ್ ಕಡಲನ್ನೂ ಸೇರಿಸಿ ಕಡಲಹಕ್ಕಿಗಳ ಮೀಸಲು ಎಂದು ಘೋಷಿಸಿದರು. ಸೂಟಿ ಟರ್ನ್, ಅದರ ನೆಂಟ ಬ್ರೌನ್ ನಾಡಿ, ದೊಡ್ಡ ಜುಟ್ಟಿನ ಟರ್ನ್, ಇವು ಅಲ್ಲಿ ಇಳಿಯುತ್ತವೆ. ಕಾನೂನು ಮೊಟ್ಟೆ ಕದಿಯುವವರನ್ನು ತಡೆದೀತು. ಆದರೆ ಅಂಥ ಮರಳು ದಿಬ್ಬಗಳಿಗೆ ಬೇರೆ ಭಯವಿದೆ. ಬಂಗಾರಂ ಹವಳದಿಬ್ಬದಲ್ಲಿದ್ದ ಪರಳಿ-1 ಎಂಬ ನಿರ್ಜನ ನಡುಗಡ್ಡೆ ಸ್ವಲ್ಪ ಸ್ವಲ್ಪವಾಗಿ ಕೊರೆದು ಪೂರ್ತಿ ನೀರಿನ ಕೆಳಗೆ ಹೋಗಿದೆ.

ಆ ಹಕ್ಕಿಗೆ ಕನ್ನಡದಲ್ಲಿ ಏನನ್ನಬೇಕು? ಟರ್ನ್‌ಗೆ ನಮ್ಮ ಪಕ್ಷಿ ಪುಸ್ತಕಗಳಲ್ಲಿ ರೀವ ಎಂಬ ಹೆಸರಿದೆ. ಭದ್ರಾ ಜಲಾಶಯದ ನೀರಿಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆಯಿಡುತ್ತವಲ್ಲ, ಅವು ನದಿ ರೀವ. ಮರಾಠಿಯವರು ಟರ್ನ್‌ಗೆ ಸುರಯ ಅನ್ನುತ್ತಾರೆ. ಸೂಟಿಗೆ ಕಪ್ಪು ಅಂದರೆ ಸಾಲದು ಅನ್ನಿಸಿತು. ಕಪ್ಪು ಬಣ್ಣ ಮಾತ್ರ. ಸೂಟ್ ಅಂದರೆ ಬೆಂಕಿ ಬಿಟ್ಟುಹೋದ ಪುಡಿ, ಒಲೆಯ ಮೇಲಿನ ಗೋಡೆಗೆ ಕೂರುವುದು, ಮುಟ್ಟಿದರೆ ಕೈಗೆ ಹತ್ತುವುದು. ನಮ್ಮಲ್ಲಿ ಅದು ಮಸಿ. ಮಸಿ ಅಂದರೆ ಬರೆಯುವ ಶಾಯಿಯೂ ಹೌದು, ಅನುವಾದಕಿಗೆ ಅದೊಂದು ಹೆಚ್ಚಿನ ಲಾಭ. ಹಾಗಾಗಿ ಮಸಿ ರೀವ. ಪಂಡಿತರು ಬೇರೆ ಹೆಸರಿಟ್ಟಿದ್ದರೆ ಅದೇ ಇರಲಿ, ನಮ್ಮ ಮನೆಯಲ್ಲಿ ಮಾತ್ರ ಇದೇ.

ವಾಚ್‌ಮನ್‌ನ ಕಾಗೆಯನ್ನೂ ಇಲ್ಲಿ ನೆನೆಯಬೇಕು. ಪಾಲಿ ಗ್ರಂಥಗಳಲ್ಲಿ, ದೀಘನಿಕಾಯದ ಕೇವಟ್ಟ ಸುತ್ತದಲ್ಲಿ, ವರ್ತಕರು ಹಡಗಿನಲ್ಲಿ ದಡ ಹುಡುಕುವ ಹಕ್ಕಿಯೊಂದನ್ನು ಒಯ್ಯುವ ಮಾತಿದೆ. ದಡ ಕಾಣದಾದಾಗ ಅದನ್ನು ಹಾರಿಬಿಡುತ್ತಾರೆ. ನೆಲ ಕಂಡರೆ ಅತ್ತ ಹೋಗುತ್ತದೆ, ಕಾಣದಿದ್ದರೆ ಹಡಗಿಗೇ ಮರಳುತ್ತದೆ. ನಮ್ಮ ಪಕ್ಕದ ಕಲ್ಯಾಣ ಎರಡು ಸಾವಿರ ವರ್ಷದ ಹಿಂದೆ ಬಂದರಾಗಿತ್ತು, ಗ್ರೀಕ್ ನಾವಿಕನ 'ಪೆರಿಪ್ಲಸ್'ನಲ್ಲಿ ಕಲ್ಲಿಯೆನಾ ಎಂದು ಬರುತ್ತದೆ. ಅಲ್ಲಿಂದ ಹೊರಟ ಹಡಗುಗಳಲ್ಲೂ ಇಂಥ ಹಕ್ಕಿ ಇದ್ದಿರಬಹುದು. ಮಸಿ ರೀವ ಆ ಕೆಲಸಕ್ಕೆ ಬಾರದು. ಅದು ಕಂಡ ಮಾತ್ರಕ್ಕೆ ದಡ ಹತ್ತಿರವೆಂದೂ ಅಲ್ಲ, ದೂರವೆಂದೂ ಅಲ್ಲ. ಅದು ದಡಕ್ಕೇ ಬಂದು ಬಿದ್ದಿದೆ ಅಂದರೆ ಮಾತ್ರ ಒಂದು ಅರ್ಥವಿದೆ: ಕಡಲಲ್ಲಿ ಗಾಳಿ ಮಿತಿಮೀರಿದೆ. ಕೊಂಕಣದಿಂದ ಮಂಗಳೂರಿನವರೆಗೆ ಮಳೆಗಾಲದಲ್ಲಿ, ಚಂಡಮಾರುತದ ಹಿಂದೆ ಇಂಥ ಹಕ್ಕಿಗಳು ಸಿಗುತ್ತಲೇ ಇರುತ್ತವೆ, ರೀವಗಳು, ನಾಡಿಗಳು, ಬೂಬಿಗಳು, ಒಮ್ಮೊಮ್ಮೆ ಫ್ರಿಗೇಟ್ ಹಕ್ಕಿಗಳು. ಉಪವಾಸದಿಂದ ಬಡಕಲಾಗಿರುತ್ತವೆ. ಜನ ನೀರು ಕುಡಿಸುತ್ತಾರೆ, ಅದು ಶ್ವಾಸಕ್ಕೆ ಹೋಗುತ್ತದೆ. ಒಳ್ಳೆಯದಾಗಲಿ ಎಂದು ಬೀಚಿಗೆ ಒಯ್ದು ನೀರಿನ ಮೇಲೆ ಬಿಡುವವರೂ ಇದ್ದಾರೆ. ನೆನೆದ ರೆಕ್ಕೆಯಿಂದ ಅದು ಏಳುವುದಿಲ್ಲ. ನಿಮ್ಮ ತಾರಸಿಗೆ ಬಂದರೆ ಪೆಟ್ಟಿಗೆ, ಕತ್ತಲೆ, ಅರಣ್ಯ ಇಲಾಖೆಗೆ ಒಂದು ಫೋನ್, ಇಷ್ಟು ಮಾಡಿ.

ಮೇ 19ರ ಮಧ್ಯಾಹ್ನ ಕಲ್ಯಾಣದ ಹುಡುಗ ಬೈಕಿನಲ್ಲಿ ಬಂದ, ಮುಖಕ್ಕೆ ಎರಡು ಮಾಸ್ಕು. ಪೆಟ್ಟಿಗೆಯ ಮುಚ್ಚಳ ಸರಿಸಿ ಎದೆಯ ಮೂಳೆ ಮುಟ್ಟಿ ನೋಡಿದ, ಏನೂ ಹೇಳಲಿಲ್ಲ. ಕಾಕೂ ಬಾಗಿಲಲ್ಲಿ ನಿಂತು ಎಲ್ಲಿ ಬಿಡುತ್ತೀಯಪ್ಪಾ ಎಂದು ಮರಾಠಿಯಲ್ಲಿ ಕೇಳಿದರು. ಮೊದಲು ಬದುಕಲಿ ಆಜಿ, ಆಮೇಲೆ ದೋಣಿಯವರಿಗೆ ಕೇಳೋಣ ಎಂದ. ಮರುದಿನ ರಾತ್ರಿ ಅವನ ಸಂದೇಶ ಬಂತು. ಹಕ್ಕಿ ತೀರಿಕೊಂಡಿತ್ತು, ತೂಕ 118 ಗ್ರಾಮ್.

ಕಾಲಿನಲ್ಲಿ ಉಂಗುರವೇನಾದರೂ ಇತ್ತೇ ಎಂದು ಕೇಳಿದೆ. ಇದ್ದಿದ್ದರೆ ಪಿಟ್ಟಿಯದೋ ಮಾಲ್ದೀವ್ಸಿನದೋ ಸೀಶೆಲ್ಸಿನದೋ ಗೊತ್ತಾಗುತ್ತಿತ್ತು. ಇಲ್ಲ ಮ್ಯಾಡಮ್, ನಾನೂ ಅದನ್ನೇ ಮೊದಲು ನೋಡಿದೆ ಎಂದು ಉತ್ತರ ಬರೆದ.